ನಿಮಗಿದು ಗೊತ್ತೇ? ಮುಂಗೆ ಬಂದ ಮೇಲಿನ ಹದಿನೈದು ದಿನ

ಊರಿನ ಹೆಸರು ಬರೆಯಹೊರಟರೆ ಮೊದಲ ಎರಡಕ್ಷರವೇ ‘ಬೀಜ’. ಕುಂದಾಪುರದಿಂದ ಉಡುಪಿ ಕಡೆಗೆ ಹೊರಟು ಕೋಟೇಶ್ವರ ದಾಟಿದರೆ ಬೀಜಾಡಿ. ಹೆದ್ದಾರಿ ಬಿಟ್ಟು ಪಡುವಣಕ್ಕೆ ತಿರುಗಿದರೆ ಗದ್ದೆ, ತೆಂಗಿನ ತೋಟ, ಮರಳು, ಆಮೇಲೆ ಕಡಲು. ಇಲ್ಲಿನ ಹಳಬರು ಮೊಳಕೆಗೆ ‘ಮುಂಗೆ’ ಎನ್ನುತ್ತಾರೆ. ಮುಂಗೆ ಬರಿಸುವುದು ದೊಡ್ಡ ಕೆಲಸವಲ್ಲ, ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟರೆ ಹೆಸರುಕಾಳಿಗೂ ಬರುತ್ತದೆ. ಆ ಮುಂಗೆ ಬೇರೂರಿ, ಎಲೆ ಬಿಟ್ಟು, ತನ್ನ ಕಾಲ ಮೇಲೆ ತಾನು ನಿಲ್ಲುವ ತನಕದ ಹದಿನೈದು ದಿನ ಇದೆಯಲ್ಲ, ಬೇಸಾಯದ ಅರ್ಧ ಜಾಣ್ಮೆ ಅಲ್ಲೇ ಇದೆ. ನನ್ನ ಅಜ್ಜಿ ಹೇಳುತ್ತಿದ್ದದ್ದೂ ಅದನ್ನೇ: “ಮುಂಗಿ ಬಂದ್ರ್ ಆಯ್ತಾ ಮಗಾ? ಬೇರ್ ಹಿಡೀಕಲೆ.” ಈ ಸಲದ ಅಂಕಣ ಆ ಹದಿನೈದು ದಿನಗಳದ್ದು.

● ನೆನೆದ ಬೀಜ ಹಿಂದಕ್ಕೆ ಬರಬಲ್ಲದು, ಮುಂಗೆ ಬಂದ ಬೀಜ ಬರಲಾರದು. ನೀರು ಕುಡಿದು ಉಬ್ಬಿದ ಭತ್ತವನ್ನು ಬೇರು ಇಣುಕುವ ಮೊದಲೇ ನೆರಳಲ್ಲಿ ಒಣಗಿಸಿದರೆ ಅದು ಸಾಯುವುದಿಲ್ಲ. ಬಿತ್ತಿದಾಗ ಇನ್ನೂ ಬೇಗ, ಒಂದೇ ಸಮನೆ ಹುಟ್ಟುತ್ತದೆ. ಆದರೆ ಬಿಳಿ ಬೇರು ಸಿಪ್ಪೆ ಸೀಳಿ ಹೊರಗೆ ಬಂತೋ, ಒಣಗಿಯೂ ಬದುಕುವ ಶಕ್ತಿ ಅಲ್ಲಿಗೆ ಹೋಯಿತು. ತಿಂಗಳುಗಟ್ಟಲೆ ಅಟ್ಟದ ಮೇಲೆ ನೀರಿಲ್ಲದೆ ಬದುಕಿದ್ದ ಅದೇ ಜೀವ ಈಗ ಒಂದು ಮಧ್ಯಾಹ್ನದ ಬಿಸಿಲಿಗೆ ಸತ್ತುಹೋಗುತ್ತದೆ.

● ಭತ್ತ ಮೊಳೆಯಲು ತನ್ನ ತೂಕದ ಕಾಲು ಭಾಗಕ್ಕಿಂತ ಸ್ವಲ್ಪ ಹೆಚ್ಚು ನೀರು ಹೀರಿದರೆ ಸಾಕು. ಬೇಳೆಕಾಳುಗಳಿಗೆ ಅದರ ಸುಮಾರು ಎರಡು ಪಾಲು ಬೇಕು. ನೆನೆಸಿಟ್ಟ ಹೆಸರು ಪಾತ್ರೆ ಮೀರಿ ಉಬ್ಬುವುದು ಅದಕ್ಕೇ.

● ಮುಂಗೆ ಬರುವ ಬೀಜ ಉಸಿರಾಡುತ್ತದೆ, ಉಸಿರಾಡುವಾಗ ಬಿಸಿಯಾಗುತ್ತದೆ. ನಮ್ಮ ಮನೆಯಲ್ಲಿ ಬಿತ್ತನೆ ಭತ್ತವನ್ನು ಒಂದು ದಿನ ನೀರಲ್ಲಿ ನೆನೆಸಿ, ಬಸಿದು, ಗೋಣಿಯಲ್ಲಿ ತುಂಬಿ ಕೊಟ್ಟಿಗೆಯ ಮೂಲೆಯಲ್ಲಿ ಹುಲ್ಲು ಹೊದೆಸಿ ಇಡುತ್ತಿದ್ದರು. ರಾತ್ರಿ ಊಟವಾದ ಮೇಲೆ ಅಜ್ಜಿ ಚಿಮಣಿ ದೀಪ ಹಿಡಿದು ಅಲ್ಲಿಗೆ ಹೋಗುವುದು, ಗೋಣಿಯ ಬಾಯಿ ಬಿಚ್ಚಿ ಮೊಣಕೈವರೆಗೆ ಕೈ ತೂರಿಸುವುದು, ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ನಿಲ್ಲುವುದು ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಎಳೆಮಗುವಿನ ಮೈಯಷ್ಟು ಬೆಚ್ಚಗಿದ್ದರೆ ಗೋಣಿ ಕಟ್ಟುತ್ತಿದ್ದಳು. ಅದಕ್ಕಿಂತ ಬಿಸಿ ಎನ್ನಿಸಿದರೆ ಭತ್ತವನ್ನು ನೆಲದ ಮೇಲೆ ಹರಡಿ, ನೀರು ಚಿಮುಕಿಸಿ, ತಿರುವಿ ಹಾಕಿ ಮತ್ತೆ ತುಂಬುತ್ತಿದ್ದಳು. ಭತ್ತಕ್ಕೆ ಹಿತವಾದ ಬಿಸಿ 30ರಿಂದ 35 ಡಿಗ್ರಿ ಸೆಲ್ಸಿಯಸ್. 42 ದಾಟಿದರೆ ಮುಂಗೆ ಬೇಯತೊಡಗುತ್ತದೆ. ಮನುಷ್ಯನ ಮೈ ಬಿಸಿ 37. ಅಜ್ಜಿಯ ಕೈ ಆ ಎರಡರ ನಡುವಿನ ಗೆರೆಯನ್ನು ಯಾವ ಮಾಪಕವೂ ಇಲ್ಲದೆ ಹಿಡಿಯುತ್ತಿತ್ತು.

● ಮುಂಗೆ ಎಷ್ಟು ಉದ್ದ ಇರಬೇಕು? ಒಂದರಿಂದ ಎರಡು ಮಿಲಿಮೀಟರ್, ಅಷ್ಟೇ. ಬೇರು ಉದ್ದವಾಗಿ ಒಂದಕ್ಕೊಂದು ಹೆಣೆದುಕೊಂಡರೆ ಬಿತ್ತುವಾಗ ಮುರಿಯುತ್ತವೆ. ಮುರಿದ ಮೊದಲ ಬೇರಿನ ಜಾಗಕ್ಕೆ ಹೊಸದು ಬರುವ ಹೊತ್ತಿಗೆ ಪಕ್ಕದ ಸಸಿ ಎರಡು ಎಲೆ ಮುಂದಿರುತ್ತದೆ.

● ಗಾಳಿಯಿಲ್ಲದ ನೀರಿನಡಿಯಲ್ಲೂ ಭತ್ತ ಮೊಳೆಯುತ್ತದೆ. ಗೋಧಿ, ಬಾರ್ಲಿಗಳಿಗೆ ಇದು ಸಾಧ್ಯವಿಲ್ಲ. ಆಮ್ಲಜನಕ ಇಲ್ಲದಾಗಲೂ ಭತ್ತದ ಕಾಳು ತನ್ನೊಳಗಿನ ಪಿಷ್ಟವನ್ನು ಸಕ್ಕರೆ ಮಾಡಿಕೊಂಡು, ಹುಳಿಯುವ ಹಿಟ್ಟಿನಲ್ಲಿ ನಡೆಯುವಂಥದೇ ಕ್ರಿಯೆಯಿಂದ ಶಕ್ತಿ ಪಡೆಯುತ್ತದೆ. ಆದರೆ ಆ ಶಕ್ತಿಯಲ್ಲಿ ಬೆಳೆಯುವುದು ಚಿಗುರಿನ ಒರೆ ಮಾತ್ರ, ಬೇರು ಅಲ್ಲ. ನೀರಿನಾಚೆ ಗಾಳಿ ಸಿಗಲಿ ಎಂದು ಒರೆ ಮೇಲಕ್ಕೆ ಚಾಚುತ್ತದೆ, ಬುಡದಲ್ಲಿ ಹಿಡಿತವೇ ಇರುವುದಿಲ್ಲ. ಆಮೇಲೆ ಒಂದು ಗಾಳಿ ಬೀಸಿದರೆ ಸಸಿಗಳು ತೇಲಿ ಗದ್ದೆಯ ಮೂಲೆಗೆ ಸೇರುತ್ತವೆ.

ಹಾಗಾಗಿ ನೇಜಿ (ನಾಟಿಯ ಸಸಿ) ಹಾಕುವ ಗದ್ದೆಯಲ್ಲಿ ಮೊದಲ ನಾಲ್ಕೈದು ದಿನ ನೀರು ನಿಲ್ಲಬಾರದು. ಉತ್ತು ಹದ ಮಾಡಿದ ಕೆಸರು ತಿಳಿಯಾಗುವ ತನಕ ಕಾದು ಬಿತ್ತಬೇಕು. ರಾಡಿ ನೀರಿಗೇ ಎರಚಿದರೆ ಮೇಲಿನ ಮಣ್ಣು ಕೆಳಗಿಳಿದು ಕಾಳಿನ ಮೇಲೆ ಕೂತು ಉಸಿರು ಕಟ್ಟಿಸುತ್ತದೆ. ರೋಹಿಣಿ ಮಳೆಯ ಹೊತ್ತಿಗೆ ನಮ್ಮ ಕರಾವಳಿಯಲ್ಲಿ ಇದು ಹೇಳಿದಷ್ಟು ಸುಲಭವಲ್ಲ. ಬಿತ್ತಿದ ರಾತ್ರಿಯೇ ಜಡಿಮಳೆ ಹೊಡೆದರೆ ಬೆಳಿಗ್ಗೆ ಎದ್ದು ಮಾಡುವ ಮೊದಲ ಕೆಲಸ, ಹಾರೆ ಹಿಡಿದು ಕಂಡಿ ಕಡಿದು ನೀರು ಹೊರಗೆ ಬಿಡುವುದು.

● ಒಣ ಬೀಜದ ಬಿತ್ತನೆ, ಮೊಳೆ ಬರಿಸಿದ ಬೀಜದ ಬಿತ್ತನೆ, ನೇಜಿ ಕಿತ್ತು ನೆಡುವ ನಾಟಿ: ನಮ್ಮ ರೈತರ ಈ ಮೂರು ಕ್ರಮಗಳನ್ನು 1800-1801ರಲ್ಲಿ ಮೈಸೂರು, ಮಲಬಾರು, ಕೆನರಾ ಸೀಮೆಗಳನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಬೇರೆಬೇರೆಯಾಗಿ ಗುರುತಿಸಿ ಬರೆದಿಟ್ಟಿದ್ದಾನೆ. ಅವನ ಪ್ರವಾಸ ಕಥನ ಅಚ್ಚಾದದ್ದು 1807ರಲ್ಲಿ. ‘ಮೊಳೆ ಭತ್ತ’, ‘ನಾಟಿ’ ಎಂಬ ಕನ್ನಡ ಮಾತುಗಳು ಇಂಗ್ಲಿಷ್ ಪುಸ್ತಕದೊಳಗೆ ಹಾಗೇ ಕೂತಿವೆ.

● ಒಂದು ಕಾಲಕ್ಕೆ ಭೂಮಿಯನ್ನು ಅಳೆದದ್ದು ಸರಪಳಿಯಿಂದಲ್ಲ, ಬೀಜದಿಂದ. ಎಷ್ಟು ಬೀಜ ಹಿಡಿಸುವ ಗದ್ದೆ ಎಂಬ ಲೆಕ್ಕಕ್ಕೆ ‘ಬೀಜವರಿ’ ಎಂದು ಹೆಸರು. 1645ರಿಂದ 1660ರವರೆಗೆ ಆಳಿದ ಕೆಳದಿಯ ಶಿವಪ್ಪ ನಾಯಕನ ಹೆಸರಾಂತ ‘ಶಿಸ್ತು’ ಕಂದಾಯಕ್ಕೂ ಈ ಲೆಕ್ಕವೇ ಬುನಾದಿ. ಕುಂದಾಪುರ ಸೀಮೆ ಆಗ ಅವನ ಆಳ್ವಿಕೆಯಲ್ಲಿತ್ತು. ನಮ್ಮಲ್ಲಿ ಮುಡಿಯ ಲೆಕ್ಕದಲ್ಲಿ ಗದ್ದೆ ಹೇಳುವ ಹಿರಿಯರು ಇನ್ನೂ ಇದ್ದಾರೆ. ಒಂದು ಮುಡಿ ಎಂದರೆ ಮೂರು ಕಳಸಿಗೆ, ಅಂದರೆ 42 ಸೇರು.

● ಕಡಲತಡಿಯ ರೈತರು ಇದನ್ನು ಮನಸ್ಸಿಟ್ಟು ಓದಬೇಕು. ಭತ್ತ ಮುಂಗೆ ಒಡೆಯುವಾಗ ಉಪ್ಪನ್ನು ತಕ್ಕಮಟ್ಟಿಗೆ ತಡೆದುಕೊಳ್ಳುತ್ತದೆ. ಎರಡು-ಮೂರು ಎಲೆಯ ಸಸಿಯಾದಾಗ ತಡೆಯಲಾರದು. ಬೆಳೆದ ಮೇಲೆ ಮತ್ತೆ ಗಟ್ಟಿಯಾಗುತ್ತದೆ, ಹೂ ಬಿಡುವ ಹೊತ್ತಿಗೆ ಮತ್ತೆ ಸೋಲುತ್ತದೆ. ‘ಉಪ್ಪುನೀರಲ್ಲೂ ಹುಟ್ಟಿತಲ್ಲ, ಇನ್ನೇನು ಭಯ’ ಎಂದುಕೊಂಡವರ ನೇಜಿ ಹತ್ತನೇ ದಿನಕ್ಕೆ ತುದಿಯಿಂದ ಸುಟ್ಟಂತಾಗುವುದು ಈ ಕಾರಣಕ್ಕೆ. ಹೊಳೆಬಾಯಿಯ ಗದ್ದೆಗಳಿಗೆ ಭರತದ ನೀರು ನುಗ್ಗದಂತೆ ಕಟ್ಟೆ, ಹಲಗೆ ನೋಡಿಕೊಳ್ಳುವುದು ಸಸಿಯ ಆ ಒಂದು ವಾರಕ್ಕಾಗಿಯಾದರೂ ಬೇಕು.

ಉಪ್ಪಿನ ಜೊತೆಗೇ ಬಾಳಲು ಕಲಿತ ತಳಿಗಳೂ ಇವೆ. ಕುಮಟಾ ಕಡೆಯ ಅಘನಾಶಿನಿ ಗಜನಿಯ (ಉಪ್ಪುನೀರು ನುಗ್ಗುವ ಗದ್ದೆಯ) ‘ಕಗ್ಗ’ ಅಂಥದು. ಮೊಳಕೆ ಬರಿಸಿದ ಬೀಜವನ್ನೇ ಗಜನಿಗೆ ಎರಚುತ್ತಾರೆ. ಕೇರಳದ ಪೊಕ್ಕಾಳಿ ಬೆಳೆಗಾರರ ಜಾಣ್ಮೆ ಇನ್ನೊಂದು ಬಗೆ. ಗದ್ದೆಯಲ್ಲಿ ಮಣ್ಣಿನ ದಿಬ್ಬ ಮಾಡಿ, ಮಳೆ ನೀರು ದಿಬ್ಬದ ಉಪ್ಪನ್ನು ತೊಳೆದು ಕೆಳಗಿಳಿಸಿದ ಮೇಲೆ ಅದರ ನೆತ್ತಿಯ ಮೇಲೆ ಮುಂಗೆ ಬಿತ್ತುತ್ತಾರೆ. ಸಸಿ ಗಟ್ಟಿಯಾದ ಮೇಲೆ ದಿಬ್ಬವನ್ನು ಕಡಿದು, ಸಸಿಗಳ ಸಮೇತ ಸುತ್ತ ಹರಡುತ್ತಾರೆ.

● ಮುಂಗೆ ಬಂದೂ ಬದುಕಲಾರದೆ ಹೋದ ಸಸಿಗಳಲ್ಲಿ ಅತ್ಯಂತ ದೂರದ್ದು ಎಲ್ಲಿಯದು ಗೊತ್ತೇ? ಚಂದ್ರನದು. 2019ರ ಜನವರಿಯಲ್ಲಿ ಚೀನಾದ ಚಾಂಗ್‌’ಎ-4 ನೌಕೆಯೊಳಗಿನ ಪುಟ್ಟ ಡಬ್ಬಿಯಲ್ಲಿ ಹತ್ತಿ ಬೀಜ ಮೊಳೆಯಿತು. ಚಂದ್ರನ ರಾತ್ರಿ ಬಿದ್ದೊಡನೆ ಕೊರೆಯುವ ಚಳಿಗೆ ಸತ್ತಿತು.

● ನಮ್ಮ ಅಲಸಂಡೆ ಬಾಹ್ಯಾಕಾಶಕ್ಕೆ ಹೋಗಿ ಬೆಳೆದಿದೆ. 2024ರ ಡಿಸೆಂಬರ್ 30ರಂದು ಹಾರಿದ ಪಿಎಸ್‌ಎಲ್‌ವಿ-ಸಿ60 ರಾಕೆಟ್ಟಿನಲ್ಲಿ ಇಸ್ರೊ 8 ಅಲಸಂಡೆ ಬೀಜ ಕಳಿಸಿತ್ತು. ನಾಲ್ಕೇ ದಿನದಲ್ಲಿ ಮೊಳಕೆ, ಆಮೇಲೆ ಎಲೆ. ಎಲೆ ಬಂದ ಸುದ್ದಿ ಓದಿದ ದಿನ ನನಗಾದ ಸಂತೋಷ ಅಷ್ಟಿಷ್ಟಲ್ಲ. ಮೊಳಕೆಯ ಸುದ್ದಿಗಿಂತ ಎಲೆಯ ಸುದ್ದಿಯೇ ದೊಡ್ಡದು.

● ಬೀಜವನ್ನು ತಲೆಕೆಳಗಾಗಿ ಹೂತರೂ ಬೇರು ಕೆಳಗೇ ಇಳಿಯುತ್ತದೆ. ಬೇರಿನ ತುದಿಯ ಟೊಪ್ಪಿಗೆಯ ಜೀವಕೋಶಗಳಲ್ಲಿ ಪಿಷ್ಟದ ಪುಟ್ಟ ಹರಳುಗಳಿವೆ. ಅವು ಕುಸಿದು ಕೂತ ಕಡೆಯೇ ‘ಕೆಳಗೆ’ ಎಂದು ಬೇರಿಗೆ ಗೊತ್ತಾಗುತ್ತದೆ. ಇಂಗ್ಲೆಂಡಿನ ಥಾಮಸ್ ಆಂಡ್ರ್ಯೂ ನೈಟ್ 1806ರಲ್ಲಿ ತಿರುಗುವ ನೀರಿನ ಚಕ್ರಕ್ಕೆ ಅವರೆಯ ಜಾತಿಯ ಬೀಜ ಕಟ್ಟಿ ನೋಡಿದ. ಬೇರುಗಳೆಲ್ಲ ಚಕ್ರದ ಹೊರಕ್ಕೆ, ಚಿಗುರುಗಳೆಲ್ಲ ಒಳಕ್ಕೆ ಬೆಳೆದವು! ಆದರೂ ಬೀಜವನ್ನು ಸರಿಯಾಗಿ ಇಡುವುದರಿಂದ ಲಾಭವಿದೆ. ತಿರುಗಿಕೊಳ್ಳಲು ಖರ್ಚಾಗುವ ಶಕ್ತಿ ಉಳಿಯುತ್ತದೆ. ಅಡಿಕೆಯನ್ನು ತೊಟ್ಟು ಮೇಲಾಗಿ ಊರುವುದು ಸುಮ್ಮನೆ ಬಂದ ರೂಢಿಯಲ್ಲ.

● ಆಳ ಎಷ್ಟು? ಬೀಜದ ದಪ್ಪದ ಎರಡು-ಮೂರು ಪಟ್ಟು. ಹೆಚ್ಚಾದರೆ ಬೆಳಕು ಕಾಣುವ ಮೊದಲೇ ಬುತ್ತಿ ಮುಗಿಯುತ್ತದೆ.

● ಬುತ್ತಿ ಎಂದೆನಲ್ಲ, ಅದು ಸುಮ್ಮನೆ ಹೇಳಿದ ಮಾತಲ್ಲ. ಮೂರನೇ ಎಲೆ ಬರುವವರೆಗೆ ಭತ್ತದ ಸಸಿ ಹೆಚ್ಚಾಗಿ ಉಣ್ಣುವುದು ಕಾಳಿನೊಳಗಿನ ಅಕ್ಕಿಯನ್ನೇ. ಆ ಹೊತ್ತಿಗೆ ಗೊಬ್ಬರ ಸುರಿದರೆ ಉಪಕಾರಕ್ಕಿಂತ ಅಪಕಾರ ಹೆಚ್ಚು. ಸರಿಯಾಗಿ ಕಳಿಯದ ಸೆಗಣಿ ಗೊಬ್ಬರ, ಹಸಿ ಮೀನಿನ ಗೊಬ್ಬರ ಎಳೆ ಬೇರನ್ನು ಸುಡುತ್ತವೆ. ತೆಂಗಿನ ಮರಕ್ಕೆ ಬೂತಾಯಿ ಮೀನು ಹೂತು ಫಲ ಕಂಡವರು ಅದನ್ನೇ ಬದನೆ ಸಸಿಗೆ ಹಾಕಬಾರದು.

● ನೆನೆಸುವ ಮೊದಲು ಜೊಳ್ಳು ತೆಗೆಯುವುದಕ್ಕೆ ಉಪ್ಪುನೀರು, ಉಪ್ಪಿನ ಹದ ನೋಡುವುದಕ್ಕೆ ಕೋಳಿಮೊಟ್ಟೆ. ಮೊಟ್ಟೆ ಮೇಲೆದ್ದು ನಾಣ್ಯದಷ್ಟು ಅಗಲ ನೀರಿನಾಚೆ ಕಂಡರೆ ಹದ ಸರಿ. ತೇಲಿದ ಭತ್ತ ತೆಗೆದುಹಾಕಿ, ಮುಳುಗಿದ್ದನ್ನು ಒಳ್ಳೆ ನೀರಲ್ಲಿ ಎರಡು ಸಲ ತೊಳೆಯಬೇಕು. ಈ ಕ್ರಮವನ್ನು 1880ರ ದಶಕದಲ್ಲಿ ಜಪಾನಿನಲ್ಲಿ ರೂಢಿಗೆ ತಂದವರು ಯೊಕೊಯಿ ತೊಕಿಯೊಶಿ. ತುಂಬಿದ ಕಾಳಿನ ಸಸಿ ಹುಟ್ಟುವಾಗಲೇ ದಪ್ಪ.

● ಬೀಜ ಪರೀಕ್ಷೆಗೆಂದೇ ಜಗತ್ತಿನ ಮೊದಲ ಕೇಂದ್ರ ತೆರೆದದ್ದು 1869ರಲ್ಲಿ, ಜರ್ಮನಿಯ ಥಾರಾಂಟ್‌ನಲ್ಲಿ, ಫ್ರೀಡ್ರಿಶ್ ನೊಬ್ಬೆ. ನಮ್ಮ ದೇಶದಲ್ಲಿ ಬೀಜ ಕಾಯಿದೆ ಬಂದದ್ದು 1966ರಲ್ಲಿ. ಪ್ರಮಾಣಿತ ಭತ್ತದ ಬೀಜ ನೂರಕ್ಕೆ 80 ಮೊಳೆಯಲೇಬೇಕು, ನೆಲಗಡಲೆಗೆ 70. ಮನೆಯಲ್ಲಿ ನೋಡಬೇಕೆಂದರೆ 100 ಕಾಳು ಎಣಿಸಿ ಒದ್ದೆ ಬಟ್ಟೆಯಲ್ಲಿ ಸುತ್ತಿಡಿ. ಎಣಿಸುವಾಗ ಮುಂಗೆ ಬಂದದ್ದನ್ನು ಮಾತ್ರವಲ್ಲ, ಬೇರು ಚಿಗುರು ಎರಡೂ ನೆಟ್ಟಗಿರುವುದನ್ನು ಎಣಿಸಿ.

● ರಾತ್ರಿ ನೆಟ್ಟಗೆ ನಿಂತಿದ್ದ ಸಸಿಗಳು ಬೆಳಿಗ್ಗೆ ಬುಡದಲ್ಲಿ ನೂಲಿನಂತೆ ಸಣ್ಣಗಾಗಿ ಮಲಗಿದ್ದನ್ನು ಕಂಡಿದ್ದೀರಾ? ನಾನು ಕಂಡಿದ್ದೇನೆ. ಒಂದು ಆಷಾಢದಲ್ಲಿ ಮಳೆ ಬೀಳದ ಜಗಲಿಯ ಮೂಲೆಯಲ್ಲಿ ಬದನೆ, ಮೆಣಸಿನ ಬೀಜ ಹಾಕಿ, ಬೆಚ್ಚಗಿರಲಿ ಎಂದು ಪ್ಲಾಸ್ಟಿಕ್ ಹೊದೆಸಿ, ಪ್ರೀತಿ ಹೆಚ್ಚಾಗಿ ದಿನಕ್ಕೆ ಮೂರು ಹೊತ್ತು ನೀರು ಹಾಕಿದೆ. ಎಂಟನೇ ದಿನ ಒಂದು ಮೂಲೆಯಲ್ಲಿ ನಾಲ್ಕು ಸಸಿ ಬಿದ್ದವು. ಮಾರನೇ ದಿನ ಅಂಗೈಯಗಲ. ಮೂರನೇ ದಿನ ಇಡೀ ಟ್ರೇ ಬೋಳು. ಬಿದ್ದ ಸಸಿಯನ್ನು ಎತ್ತಿ ನೋಡಿದರೆ ಎಲೆ ಇನ್ನೂ ಹಸಿರೇ ಇತ್ತು, ಮಣ್ಣಿಗೆ ತಾಗುವ ಒಂದೇ ಒಂದು ಗೆರೆಯಲ್ಲಿ ಕಾಂಡ ಕಂದುಬಣ್ಣಕ್ಕೆ ತಿರುಗಿ ನೀರಾಗಿತ್ತು.

ಇದು ಸಸಿ ಕೊಳೆ ರೋಗ. ಪಿಥಿಯಂ, ರೈಜೊಕ್ಟೋನಿಯದಂಥ ಶಿಲೀಂಧ್ರ ಜಾತಿಯ ಜೀವಿಗಳ ಕೆಲಸ. ಅವು ಎಲ್ಲ ಮಣ್ಣಿನಲ್ಲೂ ಇರುತ್ತವೆ. ನಾವು ಹಾದಿ ಮಾಡಿಕೊಟ್ಟಾಗ ಮಾತ್ರ ಬರುತ್ತವೆ. ಹಾದಿ ಎಂದರೆ ಬಸಿಯದ ನೀರು, ಗಾಳಿಯಾಡದ ಮುಚ್ಚಿಗೆ, ಒತ್ತೊತ್ತಾಗಿ ಬಿತ್ತಿದ ಬೀಜ. ಕಾಂಡ ಎಳೆಯದಾಗಿರುವ ಮೊದಲ ಎರಡು ವಾರ ಕಳೆದರೆ ಗಂಡಾಂತರ ಬಹುಪಾಲು ಕಳೆದಂತೆ. ಏರುಮಡಿ ಮಾಡಿ, ಬೆಳಿಗ್ಗೆ ಒಂದೇ ಸಲ ನೀರು ಕೊಡಿ, ಸಂಜೆಯೊಳಗೆ ಮಣ್ಣಿನ ಮೇಲ್ಮೈ ಆರಲಿ. ಟ್ರೈಕೊಡರ್ಮಾ ಎಂಬ ಒಳ್ಳೆಯ ಶಿಲೀಂಧ್ರವನ್ನು ಕಳಿತ ಗೊಬ್ಬರದಲ್ಲಿ ಬೆರೆಸಿ ಮಡಿಗೆ ಹಾಕಿದರೆ ಅದು ಕೆಟ್ಟದ್ದರ ಜಾಗ ಹಿಡಿಯುತ್ತದೆ. ಇನ್ನೂ ಹರಡುತ್ತಿದ್ದರೆ ನೂರಕ್ಕೆ ಒಂದರ ಬೋರ್ಡೋ ದ್ರಾವಣ: 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ, 100 ಲೀಟರ್ ನೀರು.

● ಬೋರ್ಡೋ ಎಂಬುದು ಫ್ರಾನ್ಸಿನ ಊರು. ಅಲ್ಲಿನ ದ್ರಾಕ್ಷಿ ತೋಟಗಳಲ್ಲಿ ಈ ಮದ್ದಿನ ಗುಣವನ್ನು 1885ರಲ್ಲಿ ಜಗತ್ತಿಗೆ ತಿಳಿಸಿದವನು ಮಿಲಾರ್ಡೆ. ಅದನ್ನು ನಮ್ಮ ಅಡಿಕೆ ಕೊಳೆರೋಗಕ್ಕೆ ಹೊಂದಿಸಿಕೊಟ್ಟವರು ಮೈಸೂರು ಸಂಸ್ಥಾನದಲ್ಲಿ ಕೃಷಿ ವಿಜ್ಞಾನಿಯಾಗಿದ್ದ ಕೆನಡಾದ ಲೆಸ್ಲಿ ಕೋಲ್ಮನ್. ಮದ್ದು ಸರಿಯಾಗಿದೆಯೇ ಎಂದು ತಿಳಿಯಲು ಹೊಳೆಯುವ ಕಬ್ಬಿಣದ ಕತ್ತಿಯನ್ನು ಅದ್ದಿ ನೋಡಿ. ಕತ್ತಿಗೆ ತಾಮ್ರದ ಕೆಂಪು ಹತ್ತಿದರೆ ಸುಣ್ಣ ಸಾಲದು ಎಂದರ್ಥ. ಹಾಗೇ ಎರೆದರೆ ಎಳೆ ಸಸಿ ಸುಟ್ಟುಹೋಗುತ್ತದೆ.

● ಮದ್ದಿನ ಅಂಗಡಿ ಇಲ್ಲದ ಕಾಲದಲ್ಲಿ ಕರಾವಳಿಯವರ ಬಳಿ ಇದ್ದದ್ದು ಸುಡುಮಣ್ಣು. ತರಗೆಲೆ, ಕಸ, ಒಣ ಸೆಗಣಿ ರಾಶಿ ಹಾಕಿ, ಮೇಲೆ ಮಣ್ಣು ಮುಚ್ಚಿ, ಉರಿ ಏಳದಂತೆ ದಿನಗಟ್ಟಲೆ ಹೊಗೆಯಾಡಿಸುವುದು. ಆರಿದ ಮೇಲೆ ಆ ಮಣ್ಣು ಹುಡಿಹುಡಿಯಾಗಿ, ಕೈಯಲ್ಲಿ ಹಿಡಿದರೆ ರವೆಯಂತೆ ಜಾರುತ್ತದೆ. ರೋಗದ ಬೀಜಾಣು, ಕಳೆಯ ಬೀಜ, ಹುಳದ ಮೊಟ್ಟೆ ಸುಟ್ಟಿರುತ್ತವೆ, ಬೂದಿಯ ಪೊಟ್ಯಾಷ್ ಉಳಿದಿರುತ್ತದೆ. ತರಕಾರಿ ಬೀಜ ಹಾಕಲು ಇದಕ್ಕಿಂತ ನಂಬಿಕೆಯ ಮಣ್ಣು ನಾನು ಕಂಡಿಲ್ಲ. ಬೆಂಕಿಯ ಬದಲು ಬಿಸಿಲಿನಿಂದಲೇ ಇದನ್ನು ಮಾಡಬಹುದೆಂದು ಇಸ್ರೇಲಿನ ಯಾಕೊವ್ ಕಾಟನ್ ಮತ್ತು ಜೊತೆಗಾರರು 1976ರಲ್ಲಿ ತೋರಿಸಿದರು. ಒದ್ದೆ ಮಡಿಯ ಮೇಲೆ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಬಿಗಿಯಾಗಿ ಹೊದೆಸಿ ಬೇಸಿಗೆಯಲ್ಲಿ ನಾಲ್ಕರಿಂದ ಆರು ವಾರ ಬಿಡುವುದು. ಏಪ್ರಿಲ್-ಮೇ ಬಿಸಿಲು ನಮ್ಮಲ್ಲೇನೂ ಕಮ್ಮಿಯಿಲ್ಲ, ಈ ಉಪಾಯವನ್ನು ನಮ್ಮವರು ಇನ್ನಷ್ಟು ಬಳಸಬೇಕು.

● ಹೊಗೆಗೂ ಮೊಳಕೆಗೂ ನಂಟಿದೆ. ಸುಟ್ಟ ಗಿಡಗಳ ಹೊಗೆಯಲ್ಲಿ ಬೀಜವನ್ನು ಎಬ್ಬಿಸುವ ರಾಸಾಯನಿಕವೊಂದನ್ನು ಆಸ್ಟ್ರೇಲಿಯದ ವಿಜ್ಞಾನಿಗಳು 2004ರಲ್ಲಿ ಬೇರ್ಪಡಿಸಿದರು. ಈಗ ಅದಕ್ಕೆ ಕ್ಯಾರಿಕಿನ್ ಎಂಬ ಹೆಸರು.

● ಕತ್ತಲಲ್ಲಿ ಮೊಳೆತ ಸಸಿ ಹಳದಿ, ತೆಳು, ಉದ್ದ. ದೇವಸ್ಥಾನದ ಅಂಕುರಾರೋಪಣದಲ್ಲಿ ಪಾಲಿಕೆಯ ನವಧಾನ್ಯ, ಉತ್ತರ ಕರ್ನಾಟಕದ ನವರಾತ್ರಿ ಘಟ್ಟದ ಸಸಿ ಹೊಂಬಣ್ಣವಾಗಿರುವುದು ಬೆಳಕು ಕಮ್ಮಿ ಇರುವುದರಿಂದ. ಬೆಳಕಿಲ್ಲದೆ ಎಲೆಯ ಹಸಿರು ಹುಟ್ಟದು. ಪೂಜೆಗೆ ಅದು ಚೆಂದ, ತೋಟಕ್ಕೆ ಆಗದು. ಬೆಳಕು ಎತ್ತಲಿದೆ ಎಂದು ಸಸಿಗೆ ತಿಳಿಯುವುದು ಚಿಗುರಿನ ತುದಿಯಿಂದ ಎಂಬುದನ್ನು ಚಾರ್ಲ್ಸ್ ಡಾರ್ವಿನ್ ಮಗ ಫ್ರಾನ್ಸಿಸ್ ಜೊತೆ ಸೇರಿ 1880ರಲ್ಲಿ ಬರೆದ. ಹುಲ್ಲಿನ ಸಸಿಗಳ ತುದಿಗೆ ಪುಟ್ಟ ಕುಲಾವಿ ತೊಡಿಸಿದಾಗ ಅವು ಬೆಳಕಿನತ್ತ ಬಾಗಲಿಲ್ಲ!

● ಭತ್ತದ ಮಡಿಯಲ್ಲಿ ಬೆಳಕಿದ್ದೂ ಕೆಲವು ಸಸಿ ಮಾತ್ರ ಉಳಿದವಕ್ಕಿಂತ ಗೇಣುದ್ದ ಮೇಲೆದ್ದು ಬಿಳಿಚಿಕೊಂಡರೆ ಖುಷಿಪಡಬೇಡಿ, ಅದು ರೋಗ. ಫ್ಯುಸೇರಿಯಂ ಶಿಲೀಂಧ್ರ ಸ್ರವಿಸುವ ರಸ ಸಸಿಯನ್ನು ಹಾಗೆ ಎಳೆಯುತ್ತದೆ. 1926ರಲ್ಲಿ ಜಪಾನಿನ ಕುರೊಸಾವ ಈ ರೋಗದ ಬೆನ್ನುಹತ್ತಿ ಹೋದದ್ದರಿಂದಲೇ ಗಿಬ್ಬರೆಲಿನ್ ಎಂಬ ಬೆಳವಣಿಗೆಯ ಚೋದಕ ಜಗತ್ತಿಗೆ ಗೊತ್ತಾಯಿತು. ಅಂಥ ಸಸಿ ಕಂಡೊಡನೆ ಕಿತ್ತು ಸುಡುವುದೇ ಸರಿ.

● ದಿನಕ್ಕೆರಡು ಸಲ ಸಸಿಗಳ ತಲೆ ಸವರಿದರೆ ಅವು ಗಿಡ್ಡವಾಗಿ, ದಪ್ಪವಾಗಿ, ಗಟ್ಟಿಯಾಗಿ ಬೆಳೆಯುತ್ತವೆ. ಗಾಳಿಯ ಕೆಲಸವೂ ಅದೇ. ಬೀಜಾಡಿಯಂಥ ಕಡಲ ಬದಿಯಲ್ಲಿ ಹಿತವಾದ ಗಾಳಿ ಸಸಿಗೆ ವ್ಯಾಯಾಮವಿದ್ದಂತೆ. ಹಾವೇರಿ ಕಡೆ ಗುಳಿ ತೆಗೆದು ರಾಗಿ ನೆಡುವವರು ಎಳೆಯ ಪೈರಿನ ಮೇಲೆ ಕೊರಡು ಎಳೆದು ಬಗ್ಗಿಸುತ್ತಾರೆ. ಬಗ್ಗಿದ ಪೈರು ಬುಡದಲ್ಲಿ ತೆಂಡೆ ತುಂಬಿಕೊಂಡು ಏಳುತ್ತದೆ.

● ಕೋಟೇಶ್ವರದ ಕೊಡಿ ಹಬ್ಬಕ್ಕೆ ಹೋಗಿದ್ದೀರಾ? ಬೀಜಾಡಿಯವರಿಗೆ ಅದು ಮನೆಯಂಗಳದ ಹಬ್ಬ. ವೃಶ್ಚಿಕ ಮಾಸದ ಹುಣ್ಣಿಮೆಗೆ ಕೋಟಿಲಿಂಗೇಶ್ವರನ ತೇರು. ಹೊಸದಾಗಿ ಮದುವೆಯಾದವರು ದೇವರಿಗೆ ಕೈಮುಗಿದು ಕಬ್ಬಿನ ಕೊಡಿ (ತುದಿ) ಕೊಂಡು ಮನೆಗೆ ಒಯ್ಯುತ್ತಾರೆ, ಮನೆಯಲ್ಲಿ ಕುಡಿಯೊಡೆಯಲಿ ಎಂಬ ಹಾರೈಕೆ. ಈ ಹಾರೈಕೆಯ ಹಿಂದೆ ಬೇಸಾಯದ ನಿಜವೂ ಒಂದಿದೆ: ಕಬ್ಬು ನೆಡುವವರು ಬಿತ್ತನೆಗೆ ಆರಿಸುವುದು ಮೇಲಿನ ತುದಿಯ ತುಂಡುಗಳನ್ನು. ಅಲ್ಲಿನ ಕಣ್ಣುಗಳು ಎಳೆಯವು, ಬುಡದ ಕಣ್ಣಿಗಿಂತ ಚೆನ್ನಾಗಿ ಚಿಗುರುತ್ತವೆ.

● ತೆಂಗಿನಕಾಯಿಗೆ ಮೂರು ಕಣ್ಣು, ಮುಂಗೆ ಬರುವುದು ಮೆತ್ತಗಿರುವ ಒಂದರಿಂದ ಮಾತ್ರ. ಹೊರಗೆ ಚಿಗುರು ಏಳುವಾಗ ಒಳಗೆ ಸ್ಪಂಜಿನಂಥ ಸಿಹಿ ಉಂಡೆ ಬೆಳೆದು ನೀರಿನ ಜಾಗ ತುಂಬಿಕೊಳ್ಳುತ್ತದೆಯಲ್ಲ, ಚಿಕ್ಕವರಿದ್ದಾಗ ಅದಕ್ಕಾಗಿ ನಾವು ಜಗಳವಾಡುತ್ತಿದ್ದೆವು, ಅದೇ ಸಸಿಯ ಬಾಯಿ. ಕೊಬ್ಬರಿಯನ್ನು ಕರಗಿಸಿ ಸಸಿಗೆ ಉಣಿಸುವುದು ಅದರ ಕೆಲಸ. ತಿಂಗಳುಗಟ್ಟಲೆ ಆ ಊಟ ಸಾಕಾಗುತ್ತದೆ.

ಸಸಿ ಆರಿಸುವಾಗ ಹೆಚ್ಚಿನವರು ಎತ್ತರ ನೋಡುತ್ತಾರೆ. ನೋಡಬೇಕಾದ್ದು ಬುಡ. 9ರಿಂದ 12 ತಿಂಗಳ ಸಸಿಗೆ ಆರರಿಂದ ಎಂಟು ಎಲೆ, ಬುಡದ ಸುತ್ತಳತೆ 10-12 ಸೆಂಟಿಮೀಟರ್ ಇರಬೇಕು. ಎಲೆ ಬೇಗ ಸೀಳಿ ಗರಿಯಾಗಿರಬೇಕು. ಊರಿ ಆರು ತಿಂಗಳಾದರೂ ಮುಂಗೆ ಬಾರದ ಕಾಯಿಗಾಗಿ ಕಾಯುವುದು ವ್ಯರ್ಥ, ಬೇಗ ಮೊಳೆತದ್ದೇ ಬೇಗ ಫಲ ಕೊಡುತ್ತದೆ. ಸಸಿ ಎತ್ತುವಾಗ ಗರಿ ಹಿಡಿದು ಎಳೆಯದೆ ಕಾಯಿ ಹಿಡಿದು ಎತ್ತಿ. ಮರಳು ನೆಲದಲ್ಲಿ ನೆಡುವವರು ಗುಂಡಿಯ ತಳಕ್ಕೆ ಎರಡು ಸಾಲು ತೆಂಗಿನ ಸಿಪ್ಪೆ ಹಾಸುವುದು ನೀರು ಹಿಡಿದಿಡಲಿಕ್ಕೆ. ಮೊದಲ ಬೇಸಿಗೆಗೆ ಮಡಲಿನ ತಟ್ಟಿಯ ನೆರಳು ಬೇಕೇ ಬೇಕು. ತೆಂಗಿನ ಸಂಶೋಧನೆ ನಮಗೆ ದೂರದ್ದಲ್ಲ. ಕಾಸರಗೋಡಿನ ಕೇಂದ್ರ 1916ರಲ್ಲೇ ಶುರುವಾಗಿ, 1970ರಲ್ಲಿ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯಾಯಿತು.

● ಮೊದಲ ಮಳೆಗೆ ಗೇರುಮರದಡಿಯಲ್ಲಿ ಬೀಜ ತಾನೇ ಬಾಯಿಬಿಟ್ಟು, ಹಸಿರು-ಗುಲಾಬಿ ಬಣ್ಣದ ಎರಡು ದಪ್ಪ ಬೇಳೆ ಮೇಲೆದ್ದು ಬರುತ್ತವೆ. ಆ ಮುಂಗೆಯನ್ನು ಹೆಕ್ಕಿ ತಿಂದ ಬಾಲ್ಯ ಕರಾವಳಿಯ ಎಲ್ಲರದೂ. ತಿನ್ನದೆ ಉಳಿದದ್ದು 40-50 ದಿನಕ್ಕೆ ಕಸಿ ಕಟ್ಟಲು ತಯಾರು.

● ಹಲಸು, ಮಾವು, ಅಡಿಕೆ, ತೆಂಗಿನ ಬೀಜಗಳನ್ನು ಭತ್ತದಂತೆ ಒಣಗಿಸಿ ಇಡುವ ಹಾಗಿಲ್ಲ, ಒಣಗಿದರೆ ಸತ್ತವು. ನಾರ್ವೆಯ ಸ್ವಾಲ್ಬಾರ್ಡ್‌ನಲ್ಲಿ 2008ರ ಫೆಬ್ರವರಿ 26ರಂದು ತೆರೆದ ಹಿಮದಡಿಯ ಬೀಜ ಭಂಡಾರದಲ್ಲೂ ಅವಕ್ಕೆ ಜಾಗವಿಲ್ಲ. ಅವುಗಳ ಭಂಡಾರ ತೋಟವೇ.

● ಬೀಜವನ್ನು ನೆಲಕ್ಕೆ ಬೀಳಿಸದೆ ಮರದ ಮೇಲೇ ಮುಂಗೆ ಬರಿಸಿ, ಸಸಿಯನ್ನೇ ಕೆಳಗಿಳಿಸುವ ತಾಯಿಯೊಬ್ಬಳು ಕುಂದಾಪುರದ ಪಂಚಗಂಗಾವಳಿಯಲ್ಲಿದ್ದಾಳೆ. ಕಾಂಡ್ಲಾ! ಸೌಪರ್ಣಿಕಾ, ಚಕ್ರಾ, ವಾರಾಹಿ, ಕುಬ್ಜಾ, ಕೇದಕ ಹೊಳೆಗಳು ಕಡಲು ಸೇರುವ ಆ ಕೆಸರಿನಲ್ಲಿ ಭರತ-ಇಳಿತ, ಉಪ್ಪು, ಉಸಿರುಕಟ್ಟುವ ಮಣ್ಣು ಎಲ್ಲವೂ ಇವೆ. ಎಳೆ ಮುಂಗೆ ಅಲ್ಲಿ ಒಂದು ದಿನವೂ ಉಳಿಯದು. ಹಾಗಾಗಿ ಮರ ತನ್ನ ಕೊಂಬೆಯಲ್ಲೇ ಅದನ್ನು ತಿಂಗಳುಗಟ್ಟಲೆ ಹೊತ್ತು, ನುಗ್ಗೆಕೋಡಿನಂತೆ ಮೊಳದುದ್ದ ಆದ ಮೇಲೆ ಬಿಡುತ್ತದೆ. ಇಳಿತದಲ್ಲಿ ಬಿದ್ದರೆ ಅಲ್ಲೇ ಕೆಸರಿಗೆ ನಾಟಿಕೊಳ್ಳುತ್ತದೆ, ಭರತದಲ್ಲಿ ಬಿದ್ದರೆ ತೇಲಿಹೋಗಿ ಇನ್ನೊಂದು ದಡ ಹಿಡಿಯುತ್ತದೆ. ದೋಣಿಯಲ್ಲಿ ಕೂತು ಆ ಕೋಡುಗಳು ಸಾಲಾಗಿ ತೂಗುವುದನ್ನು ಒಮ್ಮೆ ನೋಡಿ ಬನ್ನಿ.

● ಬೀಜಾಡಿಯ ಮರಳ ದಂಡೆಯ ಅಡಂಬು ಬಳ್ಳಿಯ ಬೀಜ ಕಡಲಲ್ಲಿ ತಿಂಗಳುಗಟ್ಟಲೆ ತೇಲಿಯೂ ಸಾಯುವುದಿಲ್ಲ. ಗಟ್ಟಿ ಸಿಪ್ಪೆ ಮರಳಿಗೆ ಉಜ್ಜಿ ಸವೆದ ಮೇಲೇ ಅದರೊಳಕ್ಕೆ ನೀರು ಇಳಿಯುವುದು.

● ಸಸಿ ತಿನ್ನುವ ಆಫ್ರಿಕನ್ ದೈತ್ಯ ಬಸವನಹುಳು ಭಾರತಕ್ಕೆ ಬಂದದ್ದು 1847ರಲ್ಲಿ, ಕಲ್ಕತ್ತೆಯ ತೋಟವೊಂದಕ್ಕೆ. ರಾತ್ರಿ ದೀಪ ಹಿಡಿದು ಹೆಕ್ಕಿ ಉಪ್ಪುನೀರಿಗೆ ಹಾಕುವುದೇ ಇಂದಿಗೂ ನೆಚ್ಚಿನ ಉಪಾಯ. ಗದ್ದೆಯಲ್ಲಿ ಏಡಿ ಬುಡ ಕತ್ತರಿಸುತ್ತದೆ, ಈಚೀಚೆಗೆ ನವಿಲು ಮಡಿಯನ್ನೇ ಕೆದಕುತ್ತದೆ.

● ಸಸಿ ನೀರಿನಡಿ ಮುಳುಗಿದಾಗ ಮೇಲೇಳಲು ಹೆಣಗುವುದಕ್ಕಿಂತ ಸುಮ್ಮನಿರುವುದು ಜಾಣತನ ಎಂದು ಒಡಿಶಾದ ಹಳೆಯ ಭತ್ತವೊಂದಕ್ಕೆ ಗೊತ್ತಿತ್ತು. ಅದರ ಸಬ್‌-1 ಎಂಬ ಜೀನು ಬೆಳವಣಿಗೆ ನಿಲ್ಲಿಸಿ, ಶಕ್ತಿ ಉಳಿಸಿಕೊಂಡು, ಸುಮಾರು ಎರಡು ವಾರ ಮುಳುಗಿದ್ದರೂ ಬದುಕಿಸುತ್ತದೆ. ಅದನ್ನು ಸೇರಿಸಿದ ‘ಸ್ವರ್ಣ ಸಬ್‌-1’ ತಳಿ 2009ರಲ್ಲಿ ಭಾರತದ ರೈತರಿಗೆ ಸಿಕ್ಕಿತು. ನಮ್ಮ ನೆರೆ ಬೀಳುವ ಬೈಲುಗದ್ದೆಗಳಿಗೆಂದು ಬ್ರಹ್ಮಾವರದ ಕೃಷಿ ಸಂಶೋಧನಾ ಕೇಂದ್ರ ಕೊಟ್ಟ ಕೆಂಪಕ್ಕಿ ತಳಿ ‘ಸಹ್ಯಾದ್ರಿ ಪಂಚಮುಖಿ’. ಕೇರಳದ ಮಂಕೊಂಬಿನಿಂದ ಬಂದು ನಮ್ಮ ಮನೆಮಾತಾದ ‘ಎಂಒ-4’ ಜೊತೆಗೆ ಇದನ್ನೂ ಬಿತ್ತಿ ನೋಡಬೇಕು.

● ನೇಜಿ ಎಷ್ಟು ದಿನದ್ದಾಗಿರಬೇಕು? ಕೈ ನಾಟಿಗೆ 20-25 ದಿನ. 1980ರ ದಶಕದಲ್ಲಿ ಮಡಗಾಸ್ಕರಿನಲ್ಲಿದ್ದ ಪಾದ್ರಿ ಲೊಲಾನಿಯೆ ರೂಪಿಸಿದ ‘ಶ್ರೀ’ ಪದ್ಧತಿಗೆ 8-12 ದಿನ, ಎರಡೇ ಎಲೆ. ಯಂತ್ರದ ನಾಟಿಗೆ ಸುಮಾರು 15-18 ದಿನದ ಚಾಪೆ ನೇಜಿ.

ಈ ಚಾಪೆ ನೇಜಿ ಈಗ ನಮ್ಮ ಕಡೆಯ ಅಂಗಳಕ್ಕೂ ಬಂದಿದೆ. ಜರಡಿ ಹಿಡಿದ ಮಣ್ಣನ್ನು ಎರಡು ಅಡಿ ಉದ್ದ, ಒಂದಡಿ ಅಗಲದ ಟ್ರೇಗೆ ಬೆರಳಿನ ದಪ್ಪಕ್ಕೆ ತುಂಬಿ, ಮುಂಗೆ ಬಂದ ಭತ್ತವನ್ನು ಸಮನಾಗಿ ಹರಡಿ, ಮೇಲೆ ತೆಳ್ಳಗೆ ಮಣ್ಣು ಉದುರಿಸಿ, ಒದ್ದೆ ಗೋಣಿ ಮುಚ್ಚುತ್ತಾರೆ. ಮೂರನೇ ದಿನ ಗೋಣಿ ತೆಗೆದಾಗ ಮಣ್ಣಿನ ತುಂಬ ಬಿಳಿ ಸೂಜಿಗಳು. ಸಂಜೆಯ ಹೊತ್ತಿಗೆ ಅವು ಹಸಿರಾಗುತ್ತವೆ. ನೀರನ್ನು ಸುರಿಯುವ ಹಾಗಿಲ್ಲ, ಚಿಮುಕಿಸಬೇಕು. ಹದಿನೈದು ದಿನ ಕಳೆದ ಮೇಲೆ ಟ್ರೇಯ ಒಂದು ಮೂಲೆ ಹಿಡಿದು ಎತ್ತಿದರೆ ಬೇರುಗಳು ಹೆಣೆದುಕೊಂಡು ಇಡೀ ನೇಜಿ ಚಾಪೆಯಂತೆ ಸುರುಳಿ ಸುತ್ತಿಕೊಂಡು ಬರುತ್ತದೆ. ಮೊನ್ನೆಯ ಮಳೆಗಾಲದಲ್ಲಿ ನಮ್ಮ ಮನೆಯ ಮಗು ಅಂಥ ಒಂದು ಸುರುಳಿಯನ್ನು ಎರಡೂ ಕೈಯಲ್ಲಿ ತಬ್ಬಿ, ಗದ್ದೆಯ ಅಂಚಿನ ತನಕ ಬೀಳಿಸದೆ ಹೊತ್ತುಕೊಂಡು ಹೋಯಿತು. ಅಂಗಿ ತುಂಬ ಕೆಸರು, ಗಲ್ಲಕ್ಕೆ ತಾಗುತ್ತಿದ್ದ ಹಸಿರು ಎಲೆ.